ಶಾಂತಕ್ಕನ ನವಿಲಿಗೆ ಎಷ್ಟು ಶಿಕ್ಷೆ?

ಪೊಲೀಸರನ್ನು ಕಂಡರೆ ತಪ್ಪು ಮಾಡದವರಿಗೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುವ ಮನಸ್ಸಾಗುತ್ತದೆ. ನಾನು ಆ ಪೈಕಿ. ನನ್ನಕ್ಕ ಶಾಂತಕ್ಕ ಹಾಗಲ್ಲ. ಕಮಲಾಪುರದಲ್ಲಿ ಕಂಪ್ಯೂಟರ್ ಕಸೂತಿ ಯಂತ್ರ ಇಟ್ಟುಕೊಂಡು ರವಿಕೆಗಳಿಗೆ ನವಿಲು, ಬಳ್ಳಿ ಹಾಕಿಕೊಡುವ ಗಟ್ಟಿಗಿತ್ತಿ. ಅಂಥವಳು ಒಂದು ದಿನ ಫೋನಿನಲ್ಲಿ ಪಿಸುಗುಟ್ಟಿದಳು: "ತಮ್ಮಾ, ಕಲಬುರಗಿ ಸ್ಟೇಶನ್ ಬಜಾರದಾಗ ಒಂದು ಕಸೂತಿ ಅಂಗಡಿ ಮ್ಯಾಲ ರೇಡ್ ಆಗ್ಯದಂತ. ಕಳ್ಳ ಸಾಫ್ಟ್‌ವೇರ್ ಅಂತ ಕಂಪ್ಯೂಟರ್ ಹೊತ್ಕೊಂಡು ಹೋಗ್ಯಾರ. ನಂದೂ ಅಂಥದ್ದೇ ಅದ."

ಯಂತ್ರ ಮಾರಿದವನೇ ಹಾಕಿಕೊಟ್ಟ ನಕಲು ಅದು. ಅಕ್ಕನಿಗೆ ಆಮೇಲೆ ಗೊತ್ತಾಗಿತ್ತು. ಅಸಲಿಯ ಬೆಲೆ ಕೇಳಿದ ಮೇಲೆ ಅದನ್ನೇ ಬಳಸುತ್ತ ಬಂದಿದ್ದಳು.

ಕಲಬುರಗಿಯಿಂದ ಪರಿಚಯದ ವಕೀಲರನ್ನು ಕರೆದುಕೊಂಡು ಹೋದೆ. ಅಕ್ಕ ಕಂಪ್ಯೂಟರಿಗೆ ಕೌದಿ ಹೊದಿಸಿ, ಜ್ವರ ಬಂದ ಕೂಸಿನಂತೆ ಮುಚ್ಚಿಟ್ಟಿದ್ದಳು. ಹೊರಗೆ ಗಾಡಿ ನಿಂತ ಸದ್ದಾದರೆ ಅವಳ ಕೈಯ ಕತ್ತರಿ ನಿಲ್ಲುತ್ತಿತ್ತು.

ವಕೀಲರು ಮುಚ್ಚುಮರೆ ಮಾಡಲಿಲ್ಲ. "ನಕಲಂತ ಗೊತ್ತಿದ್ದೂ ದಂಧೆಕ್ಕ ಬಳಸಿದ್ರ ಕಮ್ಮೀತ ಕಮ್ಮಿ ಏಳು ದಿನ ಜೈಲು ಅದರೀ ಅಕ್ಕಾರ. ಮೂರು ವರ್ಷದ ತನಕಾನೂ ಆಗಬಹುದು. ದಂಡ ಬ್ಯಾರೆ."

"ರವಿಕಿಗಿ ನವಿಲು ಹಾಕಿದ್ದಕ್ಕ ಜೈಲಾ?" ಅಕ್ಕ ಕೌದಿಯನ್ನು ಇನ್ನಷ್ಟು ಎಳೆದು ಮುಚ್ಚಿದಳು.

ಕಮಲಾಪುರ ಎಲ್ಲಿದೆಯೆಂದೂ ತಿಳಿಯದ ಕಂಪನಿ ನಮ್ಮಿಂದ ಕಳೆದುಕೊಂಡದ್ದಾದರೂ ಏನು ಎಂದು ನಾನು ವಾದ ಹೂಡಿದೆ. ಅಂಜಿದ ಮನುಷ್ಯ ಬಲು ಬೇಗ ತತ್ವಜ್ಞಾನಿಯಾಗುತ್ತಾನೆ.

ವಕೀಲರು ನನ್ನ ಕಡೆ ನೋಡಲಿಲ್ಲ. "ಅಕ್ಕಾರ, ನಿಮ್ಮ ಡಿಸೈನ್ ಯಾರರೆ ನಕಲು ಮಾಡ್ಯಾರೇನ್ರಿ?"

"ಮಾಡ್ಯಾಳಲ್ರಿ, ಕುಸನೂರಾಗಿನ ಮಹಾದೇವಿ. ಆಕಿದೂ ಇದೇ ಕಸೂತಿ ಯಂತ್ರದ ದಂಧೆ. ನಾ ಕಣ್ಣು ನೋಯಿಸ್ಕೊಂಡು ಬರೆದ ನವಿಲು. ಮೈಯೆಲ್ಲಾ ಉರೀತು."

"ಆಕಿ ಜೈಲಿಗಿ ಹೋಗಬೇಕೇನ್ರಿ?"

ಅಕ್ಕ ಕೈಯ ಕತ್ತರಿ ಕೆಳಗಿಟ್ಟಳು. "ಬ್ಯಾಡ್ರಿ. ಆಕಿಗೂ ಮನಿ ಅದ, ಮಕ್ಕಳವ. ಆದ್ರ ನನ್ನ ಡಿಸೈನಿನ ರೊಕ್ಕ ನನಗ ಕೊಡಬೇಕು, ಇನ್ನ ಮುಂದ ಆ ನವಿಲು ಹಾಕಬಾರದು. ಅಷ್ಟಾದ್ರ ಸಾಕು."

ಈ ತೀರ್ಪು ಕಾನೂನಿನ ಪುಸ್ತಕದ್ದಕ್ಕಿಂತ ನನಗೆ ಹೆಚ್ಚು ನ್ಯಾಯವಾಗಿ ಕಂಡಿತು. ಕಳ್ಳತನ ಕಳ್ಳತನವೇ, ನನ್ನ ವಾದ ಅಲ್ಲಿಗೇ ಬಿತ್ತು. ಆದರೆ ಶಿಕ್ಷೆ ಬರೆಯುವವರು ಇಂಥ ಒಂದು ಮನೆಯಲ್ಲಿ ಕುಳಿತು ಚಹಾ ಕುಡಿದಿದ್ದರೆ ಬೇರೆ ಬರೆಯುತ್ತಿದ್ದರೇನೋ.

ಅಂದೇ ಅಕ್ಕ ನಕಲು ತೆಗೆಸಿದಳು. ಅಸಲಿ ಕೊಳ್ಳುವವರೆಗೆ ಕೈಯಿಂದಲೇ ಕಸೂತಿ ಹಾಕುವುದೆಂದು ಸೂಜಿ ಹಿಡಿದಳು. ಆಮೇಲೆ ನಾನು ಎಣಿಸದ ಕೆಲಸವೊಂದನ್ನು ಮಾಡಿದಳು: ಮಹಾದೇವಿಗೆ ಫೋನ್ ಹಚ್ಚಿದಳು.

"ಶಾಂತಕ್ಕಾ," ಸ್ಪೀಕರಿನಲ್ಲಿ ಮಹಾದೇವಿಯೇ ಮೊದಲು ಕೇಳಿದಳು, "ನಿಮ್ಮ ನವಿಲಿನ ಸಲುವಾಗಿ ಫೋನ್ ಮಾಡೀರೇನ್ರಿ?"

"ಅದರ ಜಗಳ ಆಮ್ಯಾಲ ಮಾಡೂಣು," ಎಂದಳು ಅಕ್ಕ. "ಮೊದಲ ನಿನ್ನ ಕಂಪ್ಯೂಟರಿನಾಗಿನ ಸಾಫ್ಟ್‌ವೇರ್ ಅಸಲಿ ಅದೋ ಏನೋ, ಹೋಗಿ ನೋಡು."