ಸರ್ವರ್ ಮನೆ ಬದಲಾಯಿಸಿದ ಭಾನುವಾರ

ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗಿನ ಜಾಗ ನನ್ನದು. ನಾನು ಮದುವೆಯಾಗಿ ಬಂದಾಗ ಅಲ್ಲಿ ಈರುಳ್ಳಿ ಮೂಟೆ ಇತ್ತು. ಅತ್ತೆ ಅದನ್ನು ಹಿತ್ತಿಲ ಕೋಣೆಗೆ ಸಾಗಿಸಿ ನನ್ನ ಕಂಪ್ಯೂಟರಿಗೆ ಜಾಗ ಬಿಟ್ಟುಕೊಟ್ಟರು. ಈರುಳ್ಳಿ ಮೊಳಕೆ ಬಂದಾಗಲೆಲ್ಲ ಆ ತ್ಯಾಗವನ್ನು ನೆನಪಿಸುತ್ತಾರೆ.

ನಾನು ದೊಡ್ಡಬಳ್ಳಾಪುರದ ಪಿಯು ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಗಂಡ ಮತ್ತು ಅತ್ತೆ ರಾಜಘಟ್ಟದ ಕಡೆಯ ನಮ್ಮ ತೋಟದಲ್ಲಿ, ಮನೆಯ ಪಕ್ಕದಲ್ಲೇ ಹುಳುಮನೆ ಕಟ್ಟಿಕೊಂಡು, ರೇಷ್ಮೆ ಹುಳು ಸಾಕುತ್ತಾರೆ. ಮೆಟ್ಟಿಲ ಕೆಳಗಿನ ಆ ಹಳೇ ಕಂಪ್ಯೂಟರೇ ನಮ್ಮನೆಯ ಸರ್ವರ್. ಫೋಟೋಗಳೆಲ್ಲ ಅದರಲ್ಲಿ. ನೆರೆಹೊರೆಯ ಹೆಂಗಸರನ್ನು ಕೂರಿಸಿಕೊಂಡು ಅತ್ತೆ ಫೋನಿನಲ್ಲಿ ಹಿಡಿದಿಟ್ಟ ಸೋಬಾನೆ ಪದಗಳೂ ಅದರಲ್ಲೇ. ಹುಳುಮನೆಯ ಬಿಸಿ ಎಷ್ಟಿದೆಯೆಂದು ಗಂಡನ ಫೋನಿಗೆ ತಿಳಿಸುವುದೂ ಅದೇ. ಇಷ್ಟು ಕೆಲಸವನ್ನು ಅದು ವರ್ಚುವಲ್ ಮಷೀನ್‌ಗಳಾಗಿ, ಕಂಟೇನರ್‌ಗಳಾಗಿ ಹಂಚಿಕೊಂಡಿತ್ತು. ಅಂದರೆ ಒಂದೇ ಪೆಟ್ಟಿಗೆಯೊಳಗೆ ಬೇರೆ ಬೇರೆ ಒಲೆ ಹೂಡಿದ ಸಂಸಾರಗಳು.

ಕಳೆದ ಬೇಸಿಗೆಯಲ್ಲಿ ಅದರ ಫ್ಯಾನು ಕೆಮ್ಮಲು ಶುರುಮಾಡಿತು. ನಾನು ಬೆಂಗಳೂರಿಗೆ ಹೋಗಿ ಹಳೇ ಸಾಮಾನಿನ ಅಂಗಡಿಯಿಂದ ಮೂರು ಪುಟ್ಟ ಕಂಪ್ಯೂಟರ್ ತಂದೆ. ಒಂದೊಂದೂ ಊಟದ ಡಬ್ಬಿಯಷ್ಟು.

"ಒಂದಕ್ಕೆ ಮೂರು ಯಾಕಮ್ಮ?" ಎಂದರು ಅತ್ತೆ.

"ಮೂರೂ ಸೇರಿ ಒಂದೇ ಥರ ಕೆಲಸ ಮಾಡ್ತವೆ ಅತ್ತೆ. ಒಂದು ಕೆಟ್ರೆ ಇನ್ನೆರಡು ಅದರ ಕೆಲಸನೂ ನೋಡ್ಕೊಳ್ತವೆ. ಏನೇ ತೀರ್ಮಾನ ಆಗ್ಬೇಕಂದ್ರೂ ಎರಡಾದ್ರೂ ಒಪ್ಪಬೇಕು."

ಗಂಡ ಸೊಪ್ಪಿನ ಹೊರೆ ಇಳಿಸುತ್ತ ಕೇಳಿಸಿಕೊಂಡರು. "ನಮ್ಮನೆ ಥರಾನೇ ಅನ್ನು. ನೀವಿಬ್ರು ಒಪ್ಪಿದ್ರೆ ಆಯ್ತು, ಮೂರನೇದನ್ನ ಯಾರೂ ಕೇಳಲ್ಲ."

ಭಾನುವಾರ ಎಲ್ಲವನ್ನೂ ಹೊಸದಕ್ಕೆ ಸಾಗಿಸುತ್ತೇನೆಂದು ಸಾರಿದೆ. ಅತ್ತೆಗೆ ಮನಸ್ಸಿರಲಿಲ್ಲ. ಹುಳುಗಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು ಮೂರು ದಿನವಾಗಿತ್ತು. ಹಗಲೂ ರಾತ್ರಿ ಸೊಪ್ಪು ಮೇಯುವ, ಸೆಕೆ ತಡೆಯದ ಹೊತ್ತು ಅದು.

"ಹುಳ ಗೂಡು ಕಟ್ಕೊಳ್ಳಿ, ಆಮೇಲೆ ಮಾಡು. ಈಗ ಯಾಕೆ ಅದನ್ನೆಲ್ಲ ಕೆದಕ್ತೀಯ?"

"ನಾನು ಮುಟ್ಟೋದು ಕಂಪ್ಯೂಟರ್‌ನ, ಹುಳಾನಲ್ಲ ಅತ್ತೆ. ಅದೂ ಓಡ್ತಾ ಇರೋ ಹಾಗೇ ಜಾಗ ಬದಲಾಯಿಸ್ಬೋದು. ನಿಮಗೆ ಗೊತ್ತೂ ಆಗಲ್ಲ."

ಈ ಕೊನೆಯ ಮಾತನ್ನು ನಾನು ಆಡಬಾರದಿತ್ತು.

ಬೆಳಿಗ್ಗೆ ಎಲ್ಲವೂ ಸಲೀಸಾಗಿ ನಡೆಯಿತು. ಫೋಟೋಗಳ ಮಷೀನು ಓಡುತ್ತಿದ್ದಂತೆಯೇ ಹೊಸ ಪೆಟ್ಟಿಗೆಗೆ ದಾಟಿತು; ಅದೇ ಹೊತ್ತಿಗೆ ಗಂಡ ಫೋನಿನಲ್ಲಿ ನಮ್ಮ ಮದುವೆಯ ಫೋಟೋ ತೆರೆದುಕೊಂಡು ಕೂತಿದ್ದರು, ಅದು ಒಂದು ಕ್ಷಣವೂ ಮರೆಯಾಗಲಿಲ್ಲ. ಹಾಡಿನ ಕಂಟೇನರ್ ಮಾತ್ರ ಒಮ್ಮೆ ನಿಂತು ಎದ್ದಿತು. ಅಡುಗೆಮನೆಯಲ್ಲಿ ಸೋಬಾನೆ ಅರ್ಧಕ್ಕೆ ನಿಂತದ್ದನ್ನು ಅತ್ತೆ ತಕ್ಷಣ ಗಮನಿಸಿದರು. "ಗೊತ್ತಾಯ್ತಲ್ಲ," ಎಂದರು.

ಊಟಕ್ಕೆ ಮುಂಚೆ ಹುಳುಮನೆಯ ಬಿಸಿ ನೋಡಿಕೊಳ್ಳುವ ಮಷೀನನ್ನೂ ಸಾಗಿಸಿದೆ. ತೆರೆಯ ಮೇಲೆ ಇಪ್ಪತ್ತಾರು ಡಿಗ್ರಿ ಎಂದು ಬಂತು. ಊಟ ಮಾಡಿ ಬಂದಾಗಲೂ ಇಪ್ಪತ್ತಾರು. ಬಿಸಿಯ ಏರಿಳಿತ ತೋರಿಸುವ ಗೆರೆ ಅಡ್ಡಕ್ಕೆ ಎಳೆದಿಟ್ಟಂತೆ ನೆಟ್ಟಗಿತ್ತು. ಹೊಸ ಪೆಟ್ಟಿಗೆಗಳು ಬಂದ ಮೇಲೆ ಅಳತೆಯೂ ಎಷ್ಟು ಸ್ಥಿರವಾಗಿದೆ ನೋಡಿ ಎಂದು ಗಂಡನಿಗೆ ತೋರಿಸಿ ಬೀಗಿದೆ. ಅವರೂ ನೋಡಿ ತಲೆದೂಗಿ, ಚಾಪೆ ಹಾಸಿಕೊಂಡು ಮಲಗಿದರು. ಬಿಸಿ ಇಪ್ಪತ್ತೆಂಟು ದಾಟಿದರೆ ಫೋನು ಕೂಗುತ್ತದೆ, ಆಗ ಎದ್ದು ಕಿಟಕಿಯ ಗೋಣಿ ತಾಟಿಗೆ ನೀರು ಚಿಮುಕಿಸುವುದು ಅವರ ವಾಡಿಕೆ. ಆವತ್ತು ಫೋನು ಕೂಗಲಿಲ್ಲ.

ಮೂರು ಗಂಟೆಗೆ ಅತ್ತೆ ಸೊಪ್ಪು ಹಾಕಲು ಹುಳುಮನೆಗೆ ಹೋದರು. ಹೋದಷ್ಟೇ ಬೇಗ ಬಾಗಿಲಿಗೆ ಬಂದು ನಿಂತರು.

"ನಿನ್ನ ಗೆರೆ ಎಷ್ಟು ಅಂತೈತೆ?"

"ಇಪ್ಪತ್ತಾರು ಅತ್ತೆ."

"ಒಳಗೆ ಬಂದು ಒಂದು ಗಳಿಗೆ ನಿಂತ್ಕೊ."

ನಿಂತೆ. ತಗಡಿನ ಸೂರಿನಿಂದ ಝಳ ಇಳಿಯುತ್ತಿತ್ತು. ಗೋಣಿ ತಾಟುಗಳು ಒಣಗಿ ಹಪ್ಪಳವಾಗಿದ್ದವು. ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಅಂಚಿಗೆ ಸರಿಯುತ್ತಿದ್ದವು. ಗಂಡನನ್ನು ಎಬ್ಬಿಸಿದೆ. ಮೂವರೂ ಸೇರಿ ಕಿಟಕಿ ತೆಗೆದು, ಕೊಡಗಟ್ಟಲೆ ನೀರು ತಂದು ಗೋಣಿ ನೆನೆಸಿ, ಸೂರಿನ ಮೇಲೂ ಪೈಪಿನಿಂದ ನೀರು ಬಿಟ್ಟೆವು.

ಸೆಕೆ ಇಳಿದ ಮೇಲೆ ಮೆಟ್ಟಿಲ ಕೆಳಗೆ ಹೋಗಿ ಕೂತೆ. ಹುಳುಮನೆಯ ತಾಪಮಾಪಕ ತಂತಿಯಿಲ್ಲದೆ ಕಳಿಸುವ ಅಳತೆಯನ್ನು ಹಿಡಿಯುವ ಹೆಬ್ಬೆರಳಷ್ಟು ಉದ್ದದ ಕಡ್ಡಿ ಇನ್ನೂ ಹಳೇ ಕಂಪ್ಯೂಟರಿನ ಹಿಂಬದಿಗೇ ಚುಚ್ಚಿಕೊಂಡಿತ್ತು. ಆ ಮಷೀನನ್ನು ಹೊರಡಿಸುವಾಗ, ಒಂದು ಸಾಧನ ಅಡ್ಡ ಬರುತ್ತಿದೆ ಎಂದು ತೆರೆಯ ಮೇಲೆ ಎಚ್ಚರಿಕೆ ಬಂದಿತ್ತು. ಊಟವಾದ ಮೇಲೆ ನೋಡೋಣ ಎಂದು ಮಷೀನಿನ ಪಟ್ಟಿಯಿಂದ ಆ ಸಾಧನದ ಸಾಲನ್ನೇ ಅಳಿಸಿ ಮುಂದೆ ಹೋಗಿದ್ದೆ. ಪಾಪ, ಮಷೀನು ತಾನು ಕೊನೆಗೆ ಕೇಳಿದ ಸಂಖ್ಯೆಯನ್ನೇ ಹಿಡಿದುಕೊಂಡು ಕೂತಿತ್ತು.

ಗಂಡ ಬಗ್ಗಿ ನೋಡಿದರು. "ಅಂದ್ರೆ, ಮನೆ ಬದಲಾಯ್ಸಿ ಕಿವಿ ಹಳೇ ಮನೇಲೇ ಬಿಟ್ಟೋಗಿದೆ."

ಕಡ್ಡಿಯನ್ನು ಕಿತ್ತು ಆ ಮಷೀನು ಈಗಿರುವ ಹೊಸ ಪೆಟ್ಟಿಗೆಗೆ ಚುಚ್ಚಿ, ಅಳಿಸಿದ ಸಾಲನ್ನು ಮತ್ತೆ ಸೇರಿಸಿದೆ. ಮೂವತ್ತು ಎಂದು ತೋರಿಸಿತು, ಮೆಲ್ಲಗೆ ಇಳಿಯತೊಡಗಿತು. ಆದರೆ ಕಡ್ಡಿ ಇರುವ ಪೆಟ್ಟಿಗೆ ಕೆಟ್ಟರೂ ಅದನ್ನು ಬಿಟ್ಟು ಆ ಮಷೀನು ಬೇರೆಡೆಗೆ ಹೋಗುವಂತಿಲ್ಲ. ಇದನ್ನೂ ಒಪ್ಪಿಕೊಳ್ಳಬೇಕಾಯಿತು. ಒಪ್ಪಿಕೊಂಡಾಗ ಅತ್ತೆ ನಕ್ಕರು. "ಅಲ್ಲಿಗೆ ಮಿಕ್ಕಿದ್ದೆರಡು ಸುಮ್ನೆ ಕೂತು ನೋಡ್ತವೆ ಅನ್ನು."

ಹುಳುಗಳು ರಾತ್ರಿಯ ಸೊಪ್ಪಿಗೆ ಸರಿಯಾಗಿ ಬಾಯಿ ಹಾಕಿದವು. ಆ ಸಲದ ಗೂಡು ತುಸು ಸಣ್ಣದೆಂದು ಗಂಡ ಈಗಲೂ ಹೇಳುತ್ತಾರೆ. ಎಂದಿನಂತೆಯೇ ಇತ್ತು ಎನ್ನುತ್ತಾರೆ ಅತ್ತೆ. ಈ ಒಂದು ವಿಷಯದಲ್ಲಿ ಅವರು ನನ್ನ ಪಕ್ಷ.

ನಾನು ಆ ವಾರವೇ ಹೊಸ ನಿಯಮ ಸೇರಿಸಿದೆ: ಸಂಖ್ಯೆ ಅರ್ಧ ಗಂಟೆ ಕದಲದಿದ್ದರೆ ನನ್ನ ಫೋನು ಕೂಗಬೇಕು. ಆಷಾಢದ ಒಂದು ಮುಂಜಾನೆ ಅದು ಕೂಗಿತು. ಗಾಬರಿಯಿಂದ ಚಪ್ಪಲಿಯೂ ಇಲ್ಲದೆ ಹುಳುಮನೆಗೆ ಓಡಿದೆ. ಅತ್ತೆ ಆಗಲೇ ಅಲ್ಲಿದ್ದರು, ಸೆರಗು ಹೊದ್ದು ಸೊಪ್ಪು ಹರಡುತ್ತಿದ್ದರು. ಹೊರಗೆ ಮೋಡ ಕವಿದು ತಂಪಾಗಿತ್ತು, ಎಲೆಯೂ ಅಲ್ಲಾಡುತ್ತಿರಲಿಲ್ಲ; ಬಿಸಿ ನಿಜಕ್ಕೂ ಕದಲಿರಲಿಲ್ಲ.

"ಎಲ್ಲಾ ಸರಿಯಾಗೈತೆ," ಎಂದರು, ನನ್ನ ಕಡೆ ತಿರುಗದೆ. "ಹೋಗಿ ಮುಖ ತೊಳ್ಕೊ, ಕಾಲೇಜಿಗೆ ಹೊತ್ತಾಯ್ತದೆ."