ಗಾಡಿ ಬಂದ ವರ್ಷ

ನಮ್ಮ ಮನೆಯಲ್ಲಿ ಗೋಡೆಗೆ ಕ್ಯಾಲೆಂಡರ್ ಇತ್ತು. ಆದರೆ ವರ್ಷಗಳ ಲೆಕ್ಕ ಹಿಡಿಯುತ್ತಿದ್ದುದು ಅಪ್ಪನ ಮೋಟಾರ್ ಸೈಕಲ್ಲಿನಿಂದ. ಅಜ್ಜಿ ತೀರಿಕೊಂಡದ್ದು ಗಾಡಿ ಬಂದು ಎರಡು ವರ್ಷಕ್ಕೆ. ನಾನು ಹುಟ್ಟಿದ್ದು ಗಾಡಿಯ ಮೊದಲ ಟೈರು ಸವೆದು ಹೊಸದು ಹಾಕಿಸಿದ ಮಳೆಗಾಲದಲ್ಲಿ. ಅಕ್ಕ ಹುಟ್ಟಿದ್ದಂತೂ ಗಾಡಿ ಬಂದ ವರ್ಷವೇ. ಚೊಚ್ಚಲ ಹೆರಿಗೆಗೆಂದು ಅವ್ವ ತವರುಮನೆ ಹನುಮಸಾಗರಕ್ಕೆ ಹೋಗಿದ್ದಳು. ಹೆಣ್ಣು ಹುಟ್ಟಿದ ಸುದ್ದಿ ಬಂದ ವಾರದೊಳಗೆ ಅಪ್ಪ ಹೊಸ ಗಾಡಿ ಹತ್ತಿ ಕೂಸು ನೋಡಲು ಹೋದ. ಗಾಡಿಗೆ ಇನ್ನೂ ನಂಬರ್ ಪ್ಲೇಟ್ ಇರಲಿಲ್ಲ, ಪೂಜೆಯ ಅರಿಶಿನ ಟ್ಯಾಂಕಿನ ಮೇಲೆ ಹಾಗೇ ಇತ್ತು. ಓಣಿಯ ಮಂದಿ ಕೂಸನ್ನು ಬಿಟ್ಟು ಗಾಡಿ ನೋಡಲು ಬಂದರು ಎಂದು ಅವ್ವ ಸಾಯುವವರೆಗೂ ಬಂದವರೆದುರೆಲ್ಲ ದೂರುತ್ತಿದ್ದಳು.

ಆ ಗಾಡಿ ಅರವತ್ತೇಳರ ಮಾಡೆಲ್ ಎಂದು ಅಪ್ಪ ಹೇಳುತ್ತಿದ್ದ. ಪಕ್ಕದ ಟೂಲ್ ಬಾಕ್ಸಿನ ಮೇಲೆ ಬಿಳಿ ಬಣ್ಣದಲ್ಲಿ ‘ಮಾಡೆಲ್ ೧೯೬೭’ ಎಂದು ಬರೆಸಿಯೂ ಇದ್ದ. ಅಂದ ಮೇಲೆ ಅಕ್ಕ ಹುಟ್ಟಿದ್ದು ಅರವತ್ತೇಳರಲ್ಲಿ. ನಾನು ಆಸ್ಪತ್ರೆಯಲ್ಲಿ ಹುಟ್ಟಿದವನು, ಚೀಟಿ ಇದೆ, ಎಪ್ಪತ್ತಮೂರು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಕುಷ್ಟಗಿಯಲ್ಲಿ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವ ಅಂಗಡಿ ನನ್ನದು. ನನ್ನ ಮುಂದೆ ಕೂತು ಹುಟ್ಟಿದ ದಿನ ಹೇಳುವವರಲ್ಲಿ ಅರ್ಧ ಜನ ಜೂನ್ ಒಂದನೇ ತಾರೀಖಿನವರು. ಒಂದೇ ದಿನ ಅಷ್ಟು ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ಹುಡುಕಿ ಸನ್ಮಾನ ಮಾಡಬೇಕು ಎಂದು ನಾನು ಚೇಷ್ಟೆ ಮಾಡುವುದುಂಟು. ಸಂಗತಿ ಇಷ್ಟೇ: ಶಾಲೆಗೆ ಸೇರಿಸುವ ದಿನ ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು, ಜೂನ್ ಒಂದು ಬರಿ. ಅಪ್ಪನೂ ಅಂಥ ಹಳ್ಳಿ ಮಾಸ್ತರ. ಅವನ ಶಾಲೆಯ ರಿಜಿಸ್ಟರಿನ ತುಂಬ ಅವನದೇ ದುಂಡನೆಯ ಅಕ್ಷರ. ಅಕ್ಕನ ಹೆಸರೂ ಅದರಲ್ಲೇ ಇತ್ತು.

ಅಕ್ಕ ದಡ್ಡಿ ಎಂಬುದೂ ಮನೆಯಲ್ಲಿ ಗಾಡಿಯ ಮಾಡೆಲ್ಲಿನಷ್ಟೇ ಖಚಿತ. ಎಂಬತ್ತೈದರಲ್ಲಿ ಅವಳ ಮದುವೆಯಾದಾಗ ಹದಿನೆಂಟು ತುಂಬಿತ್ತು, ಓದುತ್ತಿದ್ದುದು ಮಾತ್ರ ಒಂಬತ್ತನೆಯ ತರಗತಿ. ಚಿಕ್ಕಂದಿನಲ್ಲಿ ಜ್ವರ ಬಂದು ತಲೆಗೇರಿತು, ಶಾಲೆಗೆ ತಡವಾಗಿ ಸೇರಿದಳು, ಬುದ್ಧಿ ಚುರುಕಾಗಲಿಲ್ಲ ಎಂದು ಅಪ್ಪ ವಿವರಿಸುತ್ತಿದ್ದ. ಯಲಬುರ್ಗಾದ ಅತ್ತೆಮನೆಯಲ್ಲೂ ಅವಳಿಗೆ ಅದೇ ಬಿರುದು. ಭಾವ ಒಳ್ಳೆಯ ಮನುಷ್ಯ, ಅವಳಿಗೆ ಏನೂ ಕಡಿಮೆ ಮಾಡಿದವನಲ್ಲ. ಆದರೆ ಯಾವ ಕಾಗದ ಬಂದರೂ ಅವಳು ಓದದೆಯೇ ಪಕ್ಕಕ್ಕೆ ಸರಿಸಿ, “ನನಗ ಅದೆಲ್ಲಾ ತಿಳಿಯಂಗಿಲ್ರಿ, ಅವರನ್ನ ಕೇಳ್ರಿ” ಎನ್ನುತ್ತಿದ್ದಳು. ನಾನು ಅವಳನ್ನು ಕರೆಯುತ್ತಿದ್ದುದೇ ‘ದಡ್ಡಕ್ಕ’ ಎಂದು. ಐವತ್ತು ದಾಟಿದ ಮೇಲೂ ಬಿಟ್ಟಿರಲಿಲ್ಲ. ಅವಳೂ ನಗುತ್ತಿದ್ದಳು.

ಈಚೆಗೆ ಒಂದು ದಿನ ಅವಳ ಫೋನು ಬಂತು. ಕೊಪ್ಪಳದಲ್ಲಿ ಯಾರದೋ ಮದುವೆಗೆ ಹೋಗಿದ್ದಾಗ ಒಂಬತ್ತನೆಯ ತರಗತಿಯ ಗೆಳತಿ ಸಿಕ್ಕಿದ್ದಳಂತೆ, ಈಗ ಸರಕಾರಿ ನರ್ಸು. ನಿವೃತ್ತಿಗೆ ಇನ್ನೂ ಐದು ವರ್ಷ ಇದೆ ಎಂದಳಂತೆ.

“ನಾವಿಬ್ರೂ ಒಂದ ಬೆಂಚಿನ್ಯಾಗ ಕುಂತಾವ್ರು,” ಎಂದಳು ಅಕ್ಕ. “ಆಕಿಗೆ ಐವತ್ತೈದು, ನನಗ ಐವತ್ತೆಂಟು. ಆಕಿ ಆಗ ನನಗಿಂತ ಗೇಣುದ್ದ ಎತ್ತರ ಇದ್ಲು. ನಾ ಮೂರು ವರ್ಷ ದೊಡ್ಡಾಕಿ ಇದ್ರ ಅದು ಹ್ಯಾಂಗ?”

“ನೀ ದಡ್ಡಿ ಇದ್ದಿ, ಅದಕ್ಕ ಸಣ್ಣವ್ರ ಜೋಡಿ ಕುಂತಿದ್ದಿ,” ಎಂದೆ.

ಈ ಸಲ ಅವಳು ನಗಲಿಲ್ಲ. “ಸಾಲಿ ರಿಜಿಸ್ಟರ್ ಅಪ್ಪನ ಕೈಯಾಗಿತ್ತು. ಅದನ್ನ ನಂಬಂಗಿಲ್ಲ ನಾ. ಗಾಡಿ ಏನು ಅಪ್ಪ ಮಾಡಿದ್ದಲ್ಲ. ಅದು ಯಾವ ವರ್ಷದ್ದು ಅಂತ ಪಕ್ಕಾ ತಿಳಕೊಂಡು ಬಾ. ನಾ ಖರೇನ ದಡ್ಡಿ ಅದೀನೋ ಇಲ್ಲೋ, ನನಗ ತಿಳಿಬೇಕು.”

ನನಗೆ ಸಿಟ್ಟು ಬಂತು. ಸತ್ತ ಅಪ್ಪನ ಮೇಲೆ ಅನುಮಾನವೇ? ಇಡೀ ಹಳ್ಳಿಗೆ ಅಕ್ಷರ ಕಲಿಸಿದ ಮನುಷ್ಯ. ಅರವತ್ತೇಳೇ ಎಂದು ತೋರಿಸಿ ಅವಳ ಬಾಯಿ ಮುಚ್ಚಿಸಬೇಕು ಎಂಬ ಹಟದಿಂದಲೇ ನಾನು ಹೊರಟೆ, ಸುಳ್ಳು ಯಾಕೆ ಹೇಳಲಿ. ನನಗೂ ಒಂದು ಕೆಲಸ ಇತ್ತು. ಗಾಡಿಯ ಕಾಗದವನ್ನು ಗೆದ್ದಲು ತಿಂದಿತ್ತು. ಹಳೆಯ ವಾಹನವೆಂದು ಹೊಸದಾಗಿ ನೋಂದಣಿ ಮಾಡಿಸಲು ತಯಾರಾದ ವರ್ಷ ಬೇಕು, ಆಧಾರ ಬೇಕು ಎಂದು ಕೊಪ್ಪಳದ ಆರ್‌ಟಿಒ ಕಚೇರಿಯಲ್ಲಿ ಹೇಳಿದ್ದರು. ಟೂಲ್ ಬಾಕ್ಸಿನ ಮೇಲೆ ಬರೆಸಿದ್ದು ಆಧಾರವಾಗುವುದಿಲ್ಲ ಎಂಬುದು ನನಗೂ ಗೊತ್ತು.

ಗಂಗಾವತಿಯಲ್ಲಿ ಕಾರಟಗಿ ರಸ್ತೆಗೆ ಒಬ್ಬ ಮುದುಕ ಮಿಸ್ತ್ರಿ ಇದ್ದಾನೆ, ಹಳೆಯ ಗಾಡಿಗಳ ವೈದ್ಯ ಎಂದು ಯಾರೋ ಹೇಳಿದರು. ಗಾಡಿಯನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಹೋದೆ. ಕೊಯ್ಲಿನ ದಿನಗಳು. ಭತ್ತದ ಲಾರಿಗಳು ರೈಸ್ ಮಿಲ್ಲುಗಳ ಕಡೆ ಸಾಲು ಹಿಡಿದಿದ್ದವು, ಅವುಗಳ ಧೂಳು ಮಿಸ್ತ್ರಿಯ ತಗಡಿನ ಶೆಡ್ಡಿನೊಳಗೂ ಬಂದು ಕೂತಿತ್ತು. ಮಿಸ್ತ್ರಿ ಎದ್ದು ಬಂದು ಗಾಡಿಯ ಸುತ್ತ ಎರಡು ಸಲ ತಿರುಗಿದ. ಎಪ್ಪತ್ತು ದಾಟಿದವನು, ಕನ್ನಡಕದ ಒಂದು ಕಾಲಿಗೆ ತಂತಿ ಕಟ್ಟಿಕೊಂಡಿದ್ದ.

“ಅರವತ್ತೇಳು ಅಂತ ಯಾರು ಹೇಳಿದ್ರಿ?”

“ನಮ್ಮ ತಂದೆಯವರು. ಹೊಸಾದು ತಗೊಂಡಾರ ಅವರು.”

“ತಂದಿ ಮಾತು ಇರಲಿ ಬಿಡ್ರಿ. ನಂಬರ್ ಏನಂತೈತಿ ನೋಡೂಣು.”

ಹ್ಯಾಂಡಲ್ಲಿನ ಬುಡದಲ್ಲಿ, ಚಾಸಿಯ ಕೊರಳಿನ ಮೇಲೆ ನಂಬರ್ ಒತ್ತಿರುತ್ತದೆ. ನಮ್ಮ ಗಾಡಿಯಲ್ಲಿ ಅಲ್ಲಿ ಏನೂ ಕಾಣುತ್ತಿರಲಿಲ್ಲ. ದಸರೆ ಹತ್ತಿರವಾದಾಗ ಮನೆಯ ಕಿಟಕಿಗೆ ತಂದ ಬಣ್ಣ ಉಳಿದರೆ ಅದನ್ನು ಗಾಡಿಗೆ ಬಳಿಯುವುದು ನಮ್ಮ ಕಡೆಯ ಪದ್ಧತಿ. ಮೇಲೆ ಪೂಜೆಯ ಕುಂಕುಮ, ಎಣ್ಣೆ, ಊದುಬತ್ತಿಯ ಬೂದಿ. ಎಲ್ಲ ಸೇರಿ ಕೊರಳು ದಪ್ಪಗಾಗಿತ್ತು. ನಾನು ಉತ್ಸಾಹದಿಂದ ಬಣ್ಣ ಕೆರೆಯಲು ಅರ ತೆಗೆದುಕೊಂಡೆ. ಮಿಸ್ತ್ರಿ ನನ್ನ ಕೈ ಹಿಡಿದ. “ಅರ ಹಚ್ಚಬ್ಯಾಡ್ರಿ. ಬಣ್ಣದ ಜೋಡಿ ನಂಬರ್ರೂ ಅಳಿಸಿ ಹೊಕ್ಕೈತಿ.” ಸೀಮೆಎಣ್ಣೆಯ ಬಟ್ಟೆ ಸುತ್ತಿ ಇಟ್ಟು, ಚಹಾ ಕುಡಿದು, ಹಿತ್ತಾಳೆಯ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕತೊಡಗಿದ. ಮೇಲೆ ಕೆಂಪು. ಅದರ ಕೆಳಗೆ ನಮ್ಮ ಹಳೆಯ ಕಿಟಕಿಗಳ ಹಸಿರು. ಅದರ ಕೆಳಗೆ ಕಂಪನಿಯ ಕರಿ ಬಣ್ಣ. ಕೊನೆಗೆ ಕಬ್ಬಿಣ ಬಂತು. ಸುಣ್ಣದ ಪುಡಿ ಸವರಿ, ತೆಳು ಕಾಗದ ಇಟ್ಟು, ಮೇಲೆ ಪೆನ್ಸಿಲನ್ನು ಅಡ್ಡಲಾಗಿ ಉಜ್ಜಿದ. ಅಂಕಿಗಳು ಒಂದೊಂದಾಗಿ ಕಾಗದಕ್ಕೆ ಬಂದವು. ಎಂಜಿನ್ನಿನ ನಂಬರನ್ನೂ ಹಾಗೆಯೇ ಎತ್ತಿದ.

ಆಮೇಲೆ ಒಳಗಿನಿಂದ ಒಂದು ಪುಸ್ತಕ ತಂದ. ಅವನ ಉಸ್ತಾದನ ಕಾಲದ್ದು. ಯಾವ ನಂಬರಿನಿಂದ ಯಾವ ನಂಬರಿನವರೆಗೆ ಯಾವ ವರ್ಷ ಎಂದು ಒಂದು ಬದಿಗೆ ಉರ್ದು, ಇನ್ನೊಂದು ಬದಿಗೆ ಕನ್ನಡ. ಬೆರಳು ಇಳಿಸುತ್ತ ಬಂದು ಒಂದು ಕಡೆ ನಿಲ್ಲಿಸಿದ.

“ಎಪ್ಪತ್ತು,” ಎಂದ.

ನಾನು ಒಪ್ಪಲಿಲ್ಲ. ಪುಸ್ತಕ ತಪ್ಪಿರಬಹುದು, ಯಾರೋ ಎಂಜಿನ್ ಬದಲಿಸಿರಬಹುದು ಎಂದು ಅಂಗಡಿಗೆ ಬರುವ ಕಕ್ಷಿದಾರರ ಹಾಗೆ ವಾದ ಹೂಡಿದೆ. ಮಿಸ್ತ್ರಿ ಬೇಸರ ಮಾಡಿಕೊಳ್ಳದೆ ಡೈನಮೋ ಬಿಚ್ಚಿ ಅದರ ಮೈಮೇಲಿನ ಮುದ್ರೆ ತೋರಿಸಿದ, ಎಪ್ಪತ್ತು. ಎರಡೂ ಗಾಲಿಗಳ ಟೈರು ಕಳಚಿ ರಿಮ್ಮಿನ ಒಳಮೈ ತೋರಿಸಿದ. ಅಲ್ಲಿ ಅರವತ್ತೊಂಬತ್ತರ ಕೊನೆಯ ತಿಂಗಳ ಮುದ್ರೆ. “ರಿಮ್ಮು ಮೊದಲ ಆಕ್ಕೈತಿ, ಗಾಡಿ ಆಮ್ಯಾಲ. ಒಂದು ಸಾಮಾನು ಬದಲಿ ಆಗಿರಬಹುದು. ಚಾಸಿ, ಎಂಜಿನ್, ಡೈನಮೋ, ಎರಡೂ ಗಾಲಿ, ಎಲ್ಲಾ ಕೂಡಿ ಒಂದ ಮಾತು ಹೇಳಾಕ ಹತ್ಯಾವ್ರಿ. ಅರವತ್ತೇಳರಾಗ ಈ ಗಾಡಿ ಇರಾಕ ಸಾಧ್ಯನ ಇಲ್ಲ.”

ನಾನು ಟೂಲ್ ಬಾಕ್ಸಿನ ಅಕ್ಷರಗಳನ್ನು ತೋರಿಸಿದೆ. ಅವನು ಉಗುರಿನಿಂದ ಒಂದು ಮೂಲೆ ಕೆರೆದ. “ಈ ಅಕ್ಷರ ಕೆಂಪಿನ ಮ್ಯಾಲ ಐತ್ರಿ. ಕೆಂಪು ಯಾವಾಗ ಹಚ್ಚಿಸಿದ್ರಿ?”

ಕೆಂಪು ನನಗೆ ಗೊತ್ತಿತ್ತು. ಎಂಬತ್ತೈದರ ಬೇಸಿಗೆ, ನನಗೆ ಹನ್ನೆರಡು ನಡೆಯುತ್ತಿತ್ತು. ಯಲಬುರ್ಗಾದವರು ಅಕ್ಕನನ್ನು ನೋಡಲು ಬರುವ ವಾರ ಪೇಂಟರ್ ನಮ್ಮ ಅಂಗಳದಲ್ಲಿ ಕೂತು ಗಾಡಿಗೆ ಕೆಂಪು ಬಳಿದಿದ್ದ. ಕೊನೆಗೆ ಅಪ್ಪ ತಾನೇ ಬಗ್ಗಿ ನಿಂತು ಟೂಲ್ ಬಾಕ್ಸಿನ ಮೇಲೆ ಏನು ಬರೆಯಬೇಕೆಂದು ಹೇಳಿದ್ದ. ಅದಾದ ಮೇಲೆ ಆ ಗಾಡಿಗೆ ಬಣ್ಣ ಹಚ್ಚಲೇ ಇಲ್ಲ. ಯಲಬುರ್ಗಾದವರಲ್ಲಿ ಹುಡುಗನ ಕಾಕಾ ಸರಕಾರಿ ನೌಕರ. ಹುಡುಗಿಗೆ ಹದಿನೆಂಟು ತುಂಬಿರಲೇಬೇಕು, ಇಲ್ಲದಿದ್ದರೆ ತನಗೆ ತೊಂದರೆ ಎಂದು ಮೊದಲೇ ಹೇಳಿ ಕಳಿಸಿದ್ದ. ರಿಜಿಸ್ಟರು ಅಪ್ಪನ ಕೈಯಲ್ಲೇ ಇತ್ತು, ಅದನ್ನು ತಿದ್ದುವುದು ಕಷ್ಟವಲ್ಲ. ಕಷ್ಟ ಇದ್ದುದು ಅವ್ವನ ಬಾಯಿ. ಕೂಸು ಬಿಟ್ಟು ಗಾಡಿ ನೋಡಿದ ಕಥೆಯನ್ನು ಅವಳು ಬೀಗರಿಗೂ ಹೇಳುವವಳೇ. ಗಾಡಿ ಎಪ್ಪತ್ತರದು ಎಂದು ಅವರಲ್ಲಿ ಒಬ್ಬರಿಗೆ ತಿಳಿದರೂ ಹುಡುಗಿಗೆ ಹದಿನೈದು ಎಂದು ಗೊತ್ತಾಗುತ್ತಿತ್ತು. ಅದಕ್ಕೇ ಅಪ್ಪ ಮಗಳ ಜೊತೆ ಗಾಡಿಗೂ ಮೂರು ವರ್ಷ ಸೇರಿಸಿದ. ಅಲ್ಲಿಯವರೆಗೆ ಅವಳ ವಯಸ್ಸನ್ನಾಗಲಿ ಗಾಡಿಯ ವರ್ಷವನ್ನಾಗಲಿ ಮನೆಯಲ್ಲಿ ಯಾರೂ ಅಂಕಿಯಲ್ಲಿ ಹೇಳಿದ್ದಿಲ್ಲ.

ನಲವತ್ತು ವರ್ಷ ನಾನು ಹೆಮ್ಮೆಯಿಂದ ಓದಿದ ಅಕ್ಷರ ಅದು. ಅಪ್ಪನ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಎದುರಿಗೆ ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ನೋಂದಣಿಗೆ ಎಪ್ಪತ್ತಾದರೂ ಅಡ್ಡಿ ಇರಲಿಲ್ಲ, ಗಾಡಿಗೆ ಐವತ್ತು ವರ್ಷ ದಾಟಿದ್ದರೆ ಸಾಕಿತ್ತು. ಅರ್ಜಿ ತುಂಬಿ ಕೊಟ್ಟೆ. ಅಕ್ಕನಿಗೆ ಮಾತ್ರ ಎರಡು ವಾರ ಫೋನ್ ಮಾಡಲಿಲ್ಲ. ಅರವತ್ತೇಳೇ ಅಂತೆ ಎಂದು ಹೇಳಿದರೆ ಅವಳು ಎಲ್ಲಿ ಹೋಗಿ ಪರೀಕ್ಷೆ ಮಾಡುತ್ತಾಳೆ? ಅಪ್ಪನ ಮಾನವೂ ಉಳಿಯುತ್ತದೆ. ಹೀಗೆ ಲೆಕ್ಕ ಹಾಕುತ್ತಿದ್ದಾಗಲೇ ಅವಳದೇ ಫೋನು ಬಂತು. “ಹೇಳೂದು ತಡಾ ಮಾಡಾಕ ಹತ್ತಿ ಅಂದ್ರ ಏನೋ ಐತಿ,” ಎಂದಳು. ಮರುದಿನ ಯಲಬುರ್ಗಾದ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಮೊರದ ತುಂಬ ಹೆಸರುಕಾಳು ಹಾಕಿಕೊಂಡು ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ಚಹಾದ ಮಾತು ಎತ್ತಲಿಲ್ಲ. ಪೆನ್ಸಿಲ್ ಉಜ್ಜಿದ ಕಾಗದವನ್ನು ಅವಳ ಕೈಗೆ ಕೊಟ್ಟೆ. ಎಂದೂ ಕಾಗದ ಓದದವಳು ಅದನ್ನು ಬೆಳಕಿಗೆ ಹಿಡಿದು ಅಂಕಿ ಅಂಕಿ ಓದಿದಳು.

“ಎಪ್ಪತ್ತು, ಅಕ್ಕಾ.”

ನಾನು ಮುಂದಿನ ಲೆಕ್ಕ ಬಿಡಿಸಿ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಗಿಸಿದ್ದಳು. “ಅಂದ್ರ ಲಗ್ನದಾಗ ನನಗ ಹದಿನೈದು. ಒಂಬತ್ತನೇತ್ತಾಕ ಹದಿನೈದು ಬರೋಬ್ಬರಿ ಅಲ್ಲೇನು?”

“ಬರೋಬ್ಬರಿ. ಎಲ್ಲಾರೂ ಅದ ವಯಸ್ಸಿಗೆ ಓದತಾರ.”

ಪೇಂಟರಿನ ಸಂಗತಿ, ಕಾಕಾನ ಸಂಗತಿ ಎಲ್ಲ ಹೇಳಿದೆ. ಅಪ್ಪನ ಪರವಾಗಿ ಎರಡು ಮಾತು ಹೇಳಲೂ ನೋಡಿದೆ. ಆಗಿನ ಕಾಲ, ಒಳ್ಳೆಯ ಮನೆತನ ಕೈತಪ್ಪಬಾರದು ಎಂಬ ಆಸೆ. ಅವಳು ಕೈ ಎತ್ತಿ ನಿಲ್ಲಿಸಿದಳು. ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

“ಲಗ್ನದ ಮಾತು ಬಿಡು. ಇವರು ಛಲೋ ಮನಷ್ಯಾ. ನಾ ಆ ವರ್ಷ ಅರ್ಧವಾರ್ಷಿಕದಾಗ ಕ್ಲಾಸಿಗೆ ಎರಡನೇ ನಂಬರ್ ಬಂದಿದ್ದೆ. ನಿನಗ ಗೊತ್ತೈತೇನು? ಸಣ್ಣ ಹುಡುಗರ ನಡುವ ದೊಡ್ಡಾಕಿ ಎರಡನೇ ನಂಬರ್ ಬಂದ್ರ ಅದೇನು ದೊಡ್ಡಸ್ತನ ಅಂತ ಇಷ್ಟು ವರ್ಷ ಯಾರ ಮುಂದೂ ಹೇಳಿಲ್ಲ ನಾ.”

ನನಗೆ ಗೊತ್ತಿರಲಿಲ್ಲ.

“ಇವರ ಕಾಕಾ ಕೇಳಿದ್ರು, ಹದಿನೆಂಟಾದ್ರೂ ಇನ್ನೂ ಒಂಬತ್ತನೇತ್ತಾ ಏನ್ರಿ ಮಾಸ್ತರ ಅಂತ. ಅಪ್ಪ ಹೇಳಿದ, ಓದಿನ್ಯಾಗ ಸ್ವಲ್ಪ ಮಂದ ಐತ್ರಿ ನಮ್ಮ ಹುಡುಗಿ ಅಂತ. ಚಹಾದ ತಾಟು ಹಿಡಕೊಂಡು ಅಲ್ಲೇ ನಿಂತಿದ್ದೆ ನಾ. ಎಲ್ಲಾರೂ ನಕ್ಕರು.” ಅವಳು ಕಾಗದವನ್ನು ಮಡಚಿ ಮೊರದ ಪಕ್ಕ ಇಟ್ಟಳು. “ನೀನೂ ಬಾಗಲದಾಗ ನಿಂತಿದ್ದಿ. ನೀನೂ ನಕ್ಕಿ.”

ನಕ್ಕದ್ದು ನನಗೆ ನೆನಪಿತ್ತು. ನಾನಾಗ ಹನ್ನೆರಡು ವರ್ಷದವನು, ನನಗೇನು ತಿಳಿಯುತ್ತಿತ್ತು ಎಂದು ಹೇಳಲು ಹೊರಟೆ. ಅವಳಿಗೂ ಆಗ ಹದಿನೈದೇ ಎಂಬುದು ನೆನಪಾಯಿತು.