ಶೇಂಗಾ ಹೊತ್ತಿದ ಸಿನಿಮಾ

ಹೋದ ವಾರ ನಮ್ಮ ಅಡುಗೆಮನೆಯಲ್ಲಿ ಶೇಂಗಾ ಹೊತ್ತಿದವು. ಊಟಕ್ಕೆ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಬೇಕೆಂದು ಹುರಿಯುತ್ತಿದ್ದೆ. ನಡುವೆ ಕೈ ನಿಂತುಬಿಟ್ಟಿತು. ಯಾಕೆ ನಿಂತಿತೆಂಬುದನ್ನು ಆಮೇಲೆ ಹೇಳುತ್ತೇನೆ. "ಮಮ್ಮಿ, ಏನೋ ಹೊತ್ತಾಕತ್ತದ!" ಎಂದು ಮಗಳು ಹಾಲ್‌ನಿಂದ ಕೂಗುವಷ್ಟರಲ್ಲಿ ಹೊಗೆ ಕಿಟಕಿ ದಾಟಿತ್ತು. ಎಣ್ಣೆ ಬಿಟ್ಟ ಕಾಳಿನ ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಡಗಂಚಿಯ ಮನೆ ಮರೆತುಹೋಗಿ ಜೇವರ್ಗಿಯ ಆ ಅಂಗಳ ಕಣ್ಣಮುಂದೆ ಬಂತು. ಒಲೆ, ಕಪ್ಪು ಕಡಾಯಿ, ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ ಖಾಲಾ…

ಆಗ ನಾನು ಜೇವರ್ಗಿಯ ಶಾಲೆಯೊಂದಕ್ಕೆ ಹೊಸದಾಗಿ ಟೀಚರ್ ಆಗಿ, ಅಲ್ಲಿಯವರ ಮಾತಿನಲ್ಲಿ 'ಅಕ್ಕೋರು' ಆಗಿ, ಸೇರಿದ್ದೆ. ಮದುವೆ ಆಗಿರಲಿಲ್ಲ. ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹೆಂಗಸಿನ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಗದ್ದಲದ ಸಲುವಾಗಿ ಆ ಕೋಣೆಗೆ ಬೇರೆ ಯಾರೂ ಬಾಡಿಗೆಗೆ ಬರುತ್ತಿರಲಿಲ್ಲ. ಪಕ್ಕದ ಸಿನಿಮಾ ಟಾಕೀಜಿನ ಪರದೆಯ ಹಿಂದಿನ ಗೋಡೆಯೇ ಆ ಮನೆಯ ಅಂಗಳದ ಗೋಡೆ. ದಿನಕ್ಕೆ ನಾಲ್ಕು ಆಟ, ನಾಲ್ಕು ಸಲವೂ ಅದೇ ಹೊಡೆದಾಟ, ಅದೇ ಅಳು. ಉಳಿದವರಿಗೆ ತಲೆನೋವಾಗಿದ್ದದ್ದು ಸಿನಿಮಾ ಹುಚ್ಚಿನ ನನಗೆ ಹಬ್ಬವಾಗಿತ್ತು.

ಟಾಕೀಜಿನ ಕ್ಯಾಂಟೀನಿಗೆ ಶೇಂಗಾ ಹುರಿದುಕೊಡುವುದು ಖಾಲಾ ಅವರ ಕೆಲಸ. ಇಂಟರ್ವಲ್ಲಿಗೆ ಸರಿಯಾಗಿ ಬಿಸಿಬಿಸಿ ಪೊಟ್ಟಣ ಹೋಗಬೇಕು. ಅವರ ಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೊದಲ ಆಟವನ್ನು ಗೋಡೆಯಾಚೆಯಿಂದ ಒಮ್ಮೆ ಕೇಳಿದರೆ ಸಾಕು. ನಾಯಕನ ತಂಗಿ ಅಳಲು ಶುರುಮಾಡಿದಾಗ ಒಲೆ ಹೊತ್ತಿಸಬೇಕು, ಖಳನಾಯಕ ನಕ್ಕಾಗ ಕಡಾಯಿಯ ಉಸುಕು ಕಾದಿರಬೇಕು ಎಂದು ಲೆಕ್ಕ ಹಾಕಿಕೊಂಡುಬಿಡುತ್ತಿದ್ದರು. ಇಷ್ಟು ವರ್ಷ ಸಿನಿಮಾಗಳ ನಡುವೆಯೇ ಬದುಕಿದ ಖಾಲಾ ಒಂದೇ ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಪಿಕ್ಚರ್ ನಡೆಯೋದೂ ಅದೇ ಹೊತ್ತಿಗೆ, ನಾ ಹುರಿಯೋದೂ ಅದೇ ಹೊತ್ತಿಗೆ. ಹ್ಯಾಂಗ ನೋಡ್ಲಿ ಬೇಟಿ?" ಎಂದು ನಕ್ಕಿದ್ದರು.

ಆದರೂ ಯಾರ ನಟನೆ ಹೇಗಿದೆ ಎಂಬ ವಿಷಯದಲ್ಲಿ ಅಲ್ಲಿ ಖಾಲಾ ಹೇಳಿದ್ದೇ ಕೊನೆಯ ಮಾತು. ಹುರಿಯುವಾಗ ಅವರ ಕೈ ನಿಲ್ಲುತ್ತಿರಲಿಲ್ಲ. ಎಲ್ಲೋ ವರ್ಷಕ್ಕೊಂದು ಸಲ, ಗೋಡೆಯಾಚೆಯ ಯಾರದೋ ಮಾತು ಕೇಳುತ್ತ ಕೇಳುತ್ತ ಸೌಟು ನಿಂತುಬಿಡುತ್ತಿತ್ತು. ಶೇಂಗಾ ಹೊತ್ತುತ್ತಿದ್ದವು. ಕ್ಯಾಂಟೀನಿನವನು ಬೈದುಕೊಳ್ಳುತ್ತಲೇ ಆ ಸುದ್ದಿಯನ್ನು ಊರೆಲ್ಲ ಹರಡುತ್ತಿದ್ದ. ಅಫಜಲಪುರದ ಬಸ್ಸಿನ ಕಂಡಕ್ಟರ್ ಒಬ್ಬರಿದ್ದರು, ನನಗಿಂತ ದೊಡ್ಡ ಸಿನಿಮಾ ಹುಚ್ಚು. ಹೊಸ ಸಿನಿಮಾ ಬಂದ ಶುಕ್ರವಾರ ಸಂಜೆ ಬಸ್ಸಿಳಿದವರೇ ನೇರ ಖಾಲಾ ಅವರ ಕಟ್ಟೆಗೆ ಬಂದು, "ಹೊತ್ಯಾವೇನ್ರಿ ಖಾಲಾ?" ಎಂದು ಕೇಳುತ್ತಿದ್ದರು. ಹೊತ್ತಿವೆ ಎಂದರೆ ಮರುದಿನ ಬೆಳಿಗ್ಗೆ ಆ ಮಾತು ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿರುತ್ತಿತ್ತು.

ನಟನೆಯನ್ನು ಖಾಲಾ ಅಳೆಯುವ ರೀತಿಯೇ ಬೇರೆ. ದೊಡ್ಡ ನಟರೊಬ್ಬರು ತಾಯಿಯ ಹೆಣದ ಮುಂದೆ ಗೋಳಾಡುವ ದೃಶ್ಯಕ್ಕೆ ಜನ ಸಿಳ್ಳೆ ಹೊಡೆದರೆ, ಖಾಲಾ ಮುಖ ಸಿಂಡರಿಸುತ್ತಿದ್ದರು. "ಅಂವ ಜನಕ್ಕ ಕೇಳಲಿ ಅಂತ ಅಳಾಕತ್ತಾನ. ಖರೇ ಅಳೋರು ಅಳು ನುಂಗ್ತಾರ. ಎರಡು ಮಾತಿನ ನಡುವ ಗಂಟಲು ಕಟ್ಟಿದ್ದು ಕೇಳಸ್ತದ." ಕಂಡಕ್ಟರ್ ತಲೆದೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಸಿನಿಮಾ ವಾರಪತ್ರಿಕೆಗಳನ್ನು ಓದುವವಳು, ಅವುಗಳಿಗೆ ಪತ್ರ ಬರೆಯುವವಳು. ಕಣ್ಣು, ಹುಬ್ಬು, ಕ್ಯಾಮರಾ ಎಂದು ನಾನು ಮಾತಾಡತೊಡಗಿದರೆ ಆ ಕಟ್ಟೆಯ ಮೇಲೆ ಒಬ್ಬರೂ ಕಿವಿಗೊಡುತ್ತಿರಲಿಲ್ಲ.

ಒಬ್ಬ ನಾಯಕಿಯ ವಿಷಯಕ್ಕೆ ನಮ್ಮ ಜಗಳ ಜೋರಾಯಿತು. ಆಕೆಯ ಮೂರು ಸಿನಿಮಾಗಳಿಗೆ ಶೇಂಗಾ ಹೊತ್ತಿದ್ದವು! ಕಂಡಕ್ಟರ್ ತಮ್ಮ ಟಿಕೆಟ್ ಚೀಲದಲ್ಲಿ ಆಕೆಯ ಫೋಟೊ ಇಟ್ಟುಕೊಂಡಿದ್ದರು. ನನಗೋ ಆಕೆಯ ಮುಖ ಗೋಡೆಗೆ ಬಳಿದ ಸುಣ್ಣದಂತೆ ಕಾಣುತ್ತಿತ್ತು. ಸಿಟ್ಟು, ಸಂತೋಷ, ದುಃಖ ಎಲ್ಲಕ್ಕೂ ಒಂದೇ ಮುಖ. ಆಕೆಗೆ ನಟನೆ ಬರುವುದಿಲ್ಲ ಎಂದರೆ ಖಾಲಾ ಒಪ್ಪುತ್ತಿರಲಿಲ್ಲ. "ಆಕಿ ಗಂಡನ್ನ ಬಿಟ್ಟು ಹೋಗೂ ಮುಂದ 'ಬರ್ತೀನಿ' ಅಂತಾಳಲ್ಲ, ಆ ಒಂದ ಮಾತು ಕೇಳ್ರಿ. ಹೋಗಾಕ ಮನಸಿಲ್ಲ ಆಕಿಗೆ" ಎನ್ನುತ್ತಿದ್ದರು.

ಒಂದು ಶುಕ್ರವಾರ ನನ್ನ ಕೈಗೆ ಬ್ರಹ್ಮಾಸ್ತ್ರ ಸಿಕ್ಕಿತು. ವಾರಪತ್ರಿಕೆಯಲ್ಲಿ ಆ ನಾಯಕಿಯ ಸಂದರ್ಶನ ಬಂದಿತ್ತು. ಆಕೆಗೆ ಕನ್ನಡವೇ ಬಾರದು, ಅಷ್ಟೂ ಸಿನಿಮಾಗಳಲ್ಲಿ ಆಕೆಗೆ ದನಿ ಕೊಟ್ಟವರು ಬೇರೆ ಯಾರೋ! ನಾನು ಕಟ್ಟೆಯ ಮೇಲೆ ಎಲ್ಲರ ಮುಂದೆ ಪತ್ರಿಕೆ ಬಿಡಿಸಿ, ಕ್ಲಾಸಿನಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ ಖಾಲಾ ಅವರ ಮುಖ ನೋಡಿದೆ. ಗೆದ್ದೆ ಎಂಬ ಹಿಗ್ಗು ಅರ್ಧ ನಿಮಿಷವೂ ಉಳಿಯಲಿಲ್ಲ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದರು.

"ಏನ್ ಮಾಡಿದ್ರಿ ಅಕ್ಕೋರೆ ಇದು?" ಎಂದರು ಕಂಡಕ್ಟರ್. ನಾನು ಸತ್ಯವನ್ನೇ ಹೇಳಿದೆನಲ್ಲ ಎಂದು ವಾದಿಸಿದೆ. ಅವರು ತಮ್ಮ ಚೀಲ ಎತ್ತಿಕೊಂಡು ಹೊರಟುಬಿಟ್ಟರು.

ಮುಂದಿನ ಶುಕ್ರವಾರ ಬೇರೆ ಸಿನಿಮಾ ಬಂತು. ಕಂಡಕ್ಟರ್ ಎಂದಿನಂತೆ ಬಂದು ಕೇಳಿದರು. "ನನಗ ತಿಳಿಯಂಗಿಲ್ಲ ಬೇಟಾ. ಅಕ್ಕೋರನ್ನ ಕೇಳ್ರಿ" ಎಂದರು ಖಾಲಾ. ಅವರ ದನಿಯಲ್ಲಿ ಕೊಂಕಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಸೌಟು ಒಂದೇ ಸಮನೆ ಆಡುತ್ತಿತ್ತು. ಗೋಡೆಯ ಕಡೆ ಅವರು ಕಿವಿಯನ್ನೇ ಕೊಡುತ್ತಿರಲಿಲ್ಲ. ಒಲೆ ಯಾವಾಗ ಹೊತ್ತಿಸಬೇಕೆಂದು ಕ್ಯಾಂಟೀನಿನವನನ್ನು ಕೇಳಿದರಂತೆ. ಆ ಹೆಂಗಸಿಗೆ ಇದ್ದ ದೊಡ್ಡ ಆಸ್ತಿ ಎಂದರೆ ಆ ಎರಡು ಕಿವಿ. ಅವುಗಳ ಮೇಲಿನ ಭರವಸೆಯನ್ನೇ ನಾನು ಕಿತ್ತುಕೊಂಡಿದ್ದೆ. ಒಂದು ಜಗಳ ಗೆಲ್ಲುವ ಸಲುವಾಗಿ… ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೆಲವು ದಿನಗಳಾದ ಮೇಲೆ ಮಾಳಿಗೆಯ ಮೆಟ್ಟಿಲ ಹತ್ತಿರ ನಿಂತು ಖಾಲಾ ಕರೆದರು. "ಬೇಟಿ, ದನಿ ಕೊಟ್ಟಾಕಿ ಹೆಸರೇನು?"

ಪತ್ರಿಕೆಯಲ್ಲಿ ಹೆಸರಿರಲಿಲ್ಲ. ಟೈಟಲ್ಲಿನಲ್ಲಿ ಇರಬಹುದು, ನೋಡಿ ಹೇಳುತ್ತೇನೆ ಎಂದೆ. ಟೈಟಲ್ಲಿಗೆ ಬರೀ ವಾದ್ಯದ ಸದ್ದು, ಹೆಸರುಗಳು ಕಿವಿಗೆ ಕೇಳುವುದಿಲ್ಲವಲ್ಲ. ಆ ನಾಯಕಿಯ ಹಳೆಯ ಸಿನಿಮಾವೊಂದು ಅಫಜಲಪುರದಲ್ಲಿ ಮತ್ತೆ ಬಂದಿದೆ ಎಂದು ಕಂಡಕ್ಟರ್ ಹೇಳಿದರು. ಭಾನುವಾರ ಅವರ ಬಸ್ಸಿನಲ್ಲೇ ಹೋದೆ. ಶುರುವಿನ ಟೈಟಲ್ ಕಣ್ಣು ಮಿಟುಕಿಸದೆ ನೋಡಿದೆ. ಕೊನೆಯಲ್ಲಿ ಜನ ಎದ್ದು ಹೊರಟಾಗ ಆಪರೇಟರ್ ರೀಲು ನಿಲ್ಲಿಸದಂತೆ ಮೊದಲೇ ಬೇಡಿಕೊಂಡಿದ್ದೆ. ಖಾಲಿ ಟಾಕೀಜಿನಲ್ಲಿ ಒಬ್ಬಳೇ ನಿಂತು ಓದಿದೆ. ಊಟ ಬಡಿಸಿದವರ ಹೆಸರಿತ್ತು, ಕಾರು ಓಡಿಸಿದವರ ಹೆಸರಿತ್ತು. ದನಿ ಕೊಟ್ಟವಳ ಹೆಸರು ಎಲ್ಲೂ ಇರಲಿಲ್ಲ.

ತಿರುಗಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಬರಿಗೈಯಲ್ಲಿ ಹೋಗಿ ಅವರ ಮುಂದೆ ನಿಲ್ಲಲು ಮನಸ್ಸಾಗಲಿಲ್ಲ. ನನ್ನ ಕ್ಲಾಸಿನ ಹಾಜರಿ ಪುಸ್ತಕದ ಹೆಸರುಗಳನ್ನು ನೆನೆಸಿಕೊಂಡು ಅದರಲ್ಲೊಂದು ಚೆಂದದ್ದನ್ನು ಆರಿಸಿಕೊಂಡೆ. ಅಂಗಳಕ್ಕೆ ಬಂದಾಗ ಸಂಜೆಯ ಆಟ ನಡೆದಿತ್ತು, ಖಾಲಾ ಹುರಿಯುತ್ತಿದ್ದರು. ನಾನು ಹೆಸರು ಹೇಳಿದೆ.

ಖಾಲಾ ತಲೆ ಎತ್ತಲಿಲ್ಲ. ಭುಜ ಕುಣಿಯುವಷ್ಟು ನಗತೊಡಗಿದರು. "ಬೇಟಿ, ನಿನಗ ಆಕ್ಟಿಂಗ್ ಬರಂಗಿಲ್ಲ. ಗೊತ್ತಿದ್ದ ಹೆಸರು ಹೇಳಾಕ ಯಾರರ ಅಷ್ಟು ದೊಡ್ಡ ಉಸಿರು ತಗೋತಾರೇನು?"

ನನ್ನ ಕಣ್ಣಲ್ಲಿ ನೀರು ಬಂತು. ಹೆಸರು ಹಾಕಿಲ್ಲ ಖಾಲಾ, ಎಲ್ಲೂ ಹಾಕಿಲ್ಲ, ಎಂದೆ. ತಪ್ಪಾಯಿತು ಎಂದೂ ಹೇಳಿದೆ.

"ಗ್ವಾಡಿ ಹಿಂದ ಕೂತಾಕಿ ನಾ ಒಬ್ಬಾಕೀನ ಅಂದ್ಕೊಂಡಿದ್ನಿ. ಇನ್ನೊಬ್ಬಾಕಿ ಇದ್ದಾಳ ನೋಡು" ಎಂದರು. ಅವರ ಸೌಟು ನಿಂತಿತ್ತು. "ಹಂಗಾದ್ರ ನಾ ಇಷ್ಟು ದಿನ ಆಕ್ಟಿಂಗ್ ಮಾಡಿದಾಕೀನ್ನೇ ಬರೋಬ್ಬರಿ ಕೇಳೀನಿ. ನೀವೆಲ್ಲಾ ಕಣ್ಣು ತೆರಕೊಂಡು ಕೂತು ಯಾರನ್ನ ನೋಡೀರಿ?"

ಕಡಾಯಿಯಿಂದ ಹೊಗೆ ಏಳುತ್ತಿತ್ತು, ಇಬ್ಬರೂ ಗಮನಿಸಿರಲಿಲ್ಲ. ಕ್ಯಾಂಟೀನಿನವನು ಓಡಿ ಬಂದು ಬೊಬ್ಬೆ ಹಾಕಿದ. ಅಂದು ನಡೆಯುತ್ತಿದ್ದದ್ದು ತೀರಾ ಸಾಧಾರಣ ಸಿನಿಮಾ. ಆದರೂ ಶೇಂಗಾ ಹೊತ್ತಿವೆ ಎಂಬ ಸುದ್ದಿ ಹಬ್ಬಿ ಎರಡು ದಿನ ಟಾಕೀಜು ತುಂಬಿತು! ಆಮೇಲಿನ ಶುಕ್ರವಾರ ಕಂಡಕ್ಟರ್ ಬಂದು ಕೇಳಿದಾಗ, ಖಾಲಾ ಮೊದಲಿನಂತೆಯೇ ಒಬ್ಬೊಬ್ಬರ ನಟನೆಯನ್ನೂ ಅಳೆದು ತೂಗಿದರು. ನಾನು ಅವರ ಪಕ್ಕದಲ್ಲಿ ಕೂತು ಕೇಳಿದೆ.

ಮದುವೆಯಾಗಿ ಕಡಗಂಚಿಗೆ ಬಂದೆ. ಒಮ್ಮೆ ಹೋಗಿ ಮಾತಾಡಿಸಿಕೊಂಡು ಬರಬೇಕು ಎನ್ನುತ್ತಲೇ ವರ್ಷಗಳು ಕಳೆದವು… ಒಂದು ದಿನ ಆಳಂದದ ಬಸ್ಸಿನಲ್ಲಿ ಅದೇ ಕಂಡಕ್ಟರ್ ಸಿಕ್ಕರು, ತಲೆ ಪೂರ್ತಿ ಬೆಳ್ಳಗಾಗಿತ್ತು. "ಖಾಲಾ ಹೋದ್ರು ಅಕ್ಕೋರೆ. ನಿಮಗ ಯಾರೂ ಹೇಳಲಿಲ್ಲೇನ್ರಿ?" ಎಂದರು. ಟಾಕೀಜು ಫಂಕ್ಷನ್ ಹಾಲ್ ಆಗಿದೆಯಂತೆ. ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದರು. ನಾನು ಕಿಟಕಿಯ ಕಡೆ ತಿರುಗಿಕೊಂಡು ಅತ್ತೆ.

ಹೋದ ವಾರ ನನ್ನ ಕೈ ನಿಂತದ್ದು ಯಾಕೆಂದರೆ, ಮಗಳು ಹಾಲ್‌ನಲ್ಲಿ ಮೊಬೈಲಿನಲ್ಲಿ ಯಾವುದೋ ಹೊಸ ಸಿನಿಮಾ ನೋಡುತ್ತಿದ್ದಳು. ಅಡುಗೆಮನೆಗೆ ಬರೀ ದನಿ ಕೇಳುತ್ತಿತ್ತು. ಒಬ್ಬ ಹೆಂಗಸು ಯಾರಿಗೋ "ಹುಷಾರು" ಎಂದಳು. ಅಷ್ಟೇ. ಆ ಮಾತಿಗೂ ಮುಂದಿನ ಮಾತಿಗೂ ನಡುವೆ ಆಕೆಯ ಗಂಟಲು ಕಟ್ಟಿದ್ದು ನನಗೆ ಕೇಳಿಸಿತು. ಇಷ್ಟು ವರ್ಷದಲ್ಲಿ ಮೊದಲ ಸಲ.

ಒಲೆ ಆರಿಸಿ ಮಗಳ ಪಕ್ಕ ಹೋಗಿ ಕೂತೆ. ಸಿನಿಮಾ ಮುಗಿದದ್ದೇ ಮೊಬೈಲು ತಾನಾಗಿಯೇ ಮುಂದಿನದಕ್ಕೆ ಹೊರಟಿತು. ನಿಲ್ಲಿಸು ಎಂದು ಕೈಯಿಂದ ಕಸಿದುಕೊಂಡೆ. ಸಣ್ಣ ಅಕ್ಷರಗಳ ಸಾಲು ಸಾಲು ಹೆಸರುಗಳನ್ನು ಕನ್ನಡಕ ಹಾಕಿಕೊಂಡು ಹುಡುಕಿದೆ. ಕೆಳಗೆ, ಬಹಳ ಕೆಳಗೆ, ದನಿ ಕೊಟ್ಟವರ ಪಟ್ಟಿ ಇತ್ತು. ನಾಯಕಿಯ ಪಾತ್ರದ ಎದುರಿಗೆ ಬೇರೆಯೇ ಒಂದು ಹೆಸರು. ಖಾಲಾ ಕೇಳಿದ ಹೆಂಗಸು ಇವಳೇ ಎನ್ನಲಾರೆ, ಅವಳ ಮಗಳ ವಯಸ್ಸಿನವಳಿರಬಹುದು.

ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಹೊತ್ತಿದ ಶೇಂಗಾ ಇನ್ನೂ ಬಾಣಲೆಯಲ್ಲಿದ್ದವು. ಗೋಡೆಯ ಕಡೆ ತಿರುಗಿ, ದೊಡ್ಡ ಉಸಿರು ತೆಗೆದುಕೊಳ್ಳದೆ, ಆ ಹೆಸರನ್ನು ಗಟ್ಟಿಯಾಗಿ ಓದಿದೆ. "ಯಾರಿಗೆ ಹೇಳಾಕತ್ತಿ ಮಮ್ಮಿ?" ಎಂದು ಮಗಳು ಕೇಳಿದಳು. ಆ ಗೋಡೆಯ ಆಚೆ ಯಾರೂ ಇರಲಿಲ್ಲ.